ಶಬ್ಬೀರ್ ಬರೆದ ಕೊನೆಯ ಜಮಖಾನ

ಪರದೆಯ ಮೇಲೆ ಚಿತ್ರ ಬರಲಿಲ್ಲ. ಬಂದದ್ದು ಬರೀ ಕಸ.

ಅರ್ಥವಿಲ್ಲದ ಅಕ್ಷರಗಳು, ಚೌಕಗಳು, ಗೆರೆಗಳು — ಕಂಪ್ಯೂಟರಿಗೆ ಜ್ವರ ಏರಿ ಬಡಬಡಿಸುತ್ತಿರುವ ಹಾಗೆ. ಬಡೇಸಾಬ್ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟ. ಹೋದ ತಿಂಗಳು ಹರಿಹರದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಅವನ ಮಗ ಶಬ್ಬೀರ್ ಕೊನೆಯದಾಗಿ ಬರೆದ ಜಮಖಾನದ ಡಿಸೈನು ಈ ಪೆಟ್ಟಿಗೆಯೊಳಗಿತ್ತು. ಅದನ್ನು ತನ್ನ ಕೈಯಾರೆ ನೇಯ್ದು, ಸತ್ತ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಬಂದವರ ಮುಂದೆ ಹಾಸಬೇಕೆಂದು ಮುದುಕ ಹರಿಹರದ ಮನೆಯಲ್ಲಿ ಮಗ್ಗಕ್ಕೆ ನೂಲು ಏರಿಸಿಟ್ಟು ಬಂದಿದ್ದ.

"ಇದೇನ್ರೀ ಇದು? ಯಾರು ಹಾಳು ಮಾಡಿದ್ರು?" — ಶಬ್ಬೀರ್ ಕೆಲಸಕ್ಕಿದ್ದ ಅಂಗಡಿಯ ಮಾಲೀಕ ಕುತುಬುದ್ದೀನ್ ಕೂಗುತ್ತ ಮತ್ತೆ ಮೌಸಿಗೆ ಕೈ ಹಾಕಿದ. ದಾವಣಗೆರೆಯ ಜಮಖಾನ ವ್ಯಾಪಾರಿಗಳಲ್ಲಿ ಮೊದಲು ಕಂಪ್ಯೂಟರ್ ತಂದವನು ತಾನೇ ಎಂದು ಅವನು ೧೯೮೯ರ ಆ ವರ್ಷವಿಡೀ ಮೀಸೆ ತಿರುವಿಕೊಂಡಿದ್ದ.

ಅಂಗಡಿಯ ಹಳೆಯ ಡಿಸೈನುಗಾರ ಅಬ್ದುಲ್ ರಹೀಮ್ ಕತ್ತು ಚಾಚಿ ನೋಡಿದ. ಚೌಕುಳಿ ಕಾಗದಕ್ಕೆ ಬಣ್ಣ ತುಂಬುತ್ತಲೇ ಕಣ್ಣು ಸವೆಸಿದವನು. ಕಂಪ್ಯೂಟರ್ ಬಂದ ಮೇಲೆ ಅವನ ಕಾಗದವನ್ನು ಕೇಳುವವರಿರಲಿಲ್ಲ.

"ಅಯ್ಯೋ, ಸೇವ್ ಮಾಡ್ಬ್ಯಾಡ್ರಿ! ಹಂಗೇ ಮುಚ್ರಿ!" — ಶಬ್ಬೀರನ ಜೊತೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಉಚ್ಚಂಗಮ್ಮ ಓಡಿಬಂದು ಫೈಲು ಮುಚ್ಚಿದಳು.

ಬಡೇಸಾಬನ ಪಕ್ಕದಲ್ಲಿ ಅವನ ಬಾಲ್ಯದ ಗೆಳೆಯ ಮಾಲತೇಶಪ್ಪ ನಿಂತಿದ್ದ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಹೊತ್ತು ಹೋಗದೆ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದವನು. ಕಂಪ್ಯೂಟರಿನ ಗಂಧಗಾಳಿಯೂ ಅವನಿಗಿರಲಿಲ್ಲ. ಆದರೆ ಗೆಳೆಯ ಬಿಕ್ಕುತ್ತ "ಮಾಲ್ತೇಶಿ, ನನ್ನ ಮಗನ್ನ ಎರಡನೇ ಸಲ ಕೊಂದ್ರಲ್ಲೋ" ಎಂದಾಗ ಅವನ ಹೆಗಲ ಮೇಲೆ ಕೈಯಿಟ್ಟ.

"ನೀನು ಊರಿಗೆ ನಡಿ. ಇದನ್ನ ನಾನು ನೋಡ್ಕೋತೀನಿ" ಎಂದ.

ಮೊದಲು ಕೂರಿಸಿಕೊಂಡದ್ದು ರಹೀಮನನ್ನು.

"ಆ ಹುಡುಗನ ಮೇಲೆ ನಿನಗೆ ಸಿಟ್ಟಿತ್ತಲ್ಲ?"

"ಇತ್ತು. ಯಾಕ ಇರ್ಬಾರ್ದು? ನನ್ನ ಅನ್ನ ಕಸ್ಕೊಂಡ ಮಷೀನು ಅದು. ಆದ್ರ ಶಬ್ಬೀರ್ ದಿನಾ ನನ್ನ ಹತ್ರಾನೇ ಬಂದು, ಚಾಚಾ, ಈ ಬಣ್ಣಕ್ಕ ಯಾವ ಬಣ್ಣ ಕೂಡ್ತೈತೆ ಅಂತ ಕೇಳ್ತಿದ್ದ. ಅವನ ಮಯ್ಯತ್ತಿಗೆ ಹೆಗಲು ಕೊಟ್ಟೀನಿ ಸಾಹೇಬ್ರ."

"ಮಷೀನು ಮುಟ್ಟಿದ್ಯಾ?"

"ಇಲ್ರಿ. ಶಾಕ್ ಹೊಡೀತೈತೆ ಅಂತ ಹೆದ್ರಿಕೆ."

ಕುತುಬುದ್ದೀನ್ ಪ್ರಶ್ನೆಗೆ ಮೊದಲೇ ಸಿಡಿದ. "ನನ್ನ ಮ್ಯಾಲೆ ಯಾಕ ಗುಮಾನಿ? ಡಿಸೈನು ಚೆಂದ ಇದ್ರ ನಾನೇ ನೂರು ನೇಯಿಸಿ ಮಾರ್ತಿದ್ದೆ!"

"ಚಿತ್ರ ನೋಡಿದ್ಯಾ?"

"ಎಲ್ಲಿ ತೋರಿಸ್ದ? ಇದು ನನ್ನ ಸ್ವಂತದ್ದು ಅಂತಿದ್ದ. ಬಿಡುವಿನಾಗೆ ಬರ್ಕೊಂಡಿದ್ದ."

"ಉಳಿದ ಡಿಸೈನು?"

"ಎಲ್ಲಾ ಬರ್ತಾವೆ. ಇದೊಂದೇ ಕೆಟ್ಟೈತೆ. ನನಗೆ ಗೊತ್ತಿರೋದು ಹೆಸರು ಹುಡುಕಿ ಮೌಸ್ ಒತ್ತೋದು, ಅಷ್ಟೇ. ಉಚ್ಚಂಗಮ್ಮನ್ನ ಕೇಳ್ರಿ. ಆ ಹುಡುಗೀನೂ ಮದುವೆ ಅಂತ ಕೆಲಸ ಬಿಡ್ತಾಳೆ. ಮಾಯಕೊಂಡದ ವರ."

ಉಚ್ಚಂಗಮ್ಮ ನಿಂತೇ ಉತ್ತರ ಕೊಟ್ಟಳು.

"ಏನಾಗಿರ್ಬೋದು ತಾಯಿ?"

"ಒಳಗೇ ಕೆಟ್ಟಿರ್ಬೋದು ಸಾರ್. ಮಷೀನು ಅಲ್ವಾ... ಬಿಟ್ಬಿಡ್ರಿ. ಹೋದೋರು ಹೋದ್ರು."

"ಅವರಪ್ಪ ಬಿಡ್ಬೇಕಲ್ಲ?"

ಮಾಲತೇಶಪ್ಪ ಅವಳ ಕೈಯಿಂದಲೇ ಫೈಲುಗಳ ಹೆಸರನ್ನೆಲ್ಲ ಪರದೆಗೆ ತರಿಸಿ ನೋಡಿ, ಕೊಡೆ ಎತ್ತಿಕೊಂಡು ವಿದ್ಯಾನಗರದ ಬಸ್ಸು ಹತ್ತಿದ. ಅಲ್ಲಿ ಅವನಿಗೆ ಪರಿಚಯದ ಒಬ್ಬ ಕಂಪ್ಯೂಟರ್ ಮೇಷ್ಟ್ರು ಇದ್ದರು.

"ಫೈಲಿನೊಳಗೆ ಏನೈತೆ ಅಂತ ಮಷೀನು ನೋಡಲ್ಲ ಸಾರ್" ಎಂದರು ಮೇಷ್ಟ್ರು. "ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಒಂದು ಬಾಲ ಇರ್ತೈತೆ. ಈ ಬಾಲದ ಫೈಲು ಚಿತ್ರದ ಪ್ರೋಗ್ರಾಮಿನಲ್ಲಿ ತೆರಿ, ಆ ಬಾಲದ್ದು ಅಕ್ಷರದ ಪ್ರೋಗ್ರಾಮಿನಲ್ಲಿ ತೆರಿ ಅಂತ ನಾವೇ ಮೊದಲು ಹೇಳಿಟ್ಟಿರ್ತೀವಿ. ಮೌಸ್ ಒತ್ತಿದ ಕೂಡ್ಲೆ ಅದು ಹೇಳಿದಂಗೆ ಮಾಡ್ತೈತೆ."

"ಯಾರಾದ್ರೂ ತಪ್ಪು ಹೇಳಿಟ್ರೆ?"

"ಚಿತ್ರಾನ ಅಕ್ಷರ ಅಂತ ಓದ್ತೈತೆ. ಬರೀ ಕಸ."

"ಒಳಗಿನ ಚಿತ್ರ?"

"ಅದಕ್ಕೇನೂ ಆಗಿರಲ್ಲ. ಆ ಕಸಾನೇ ಸೇವ್ ಮಾಡಿಬಿಟ್ರೆ ಮಾತ್ರ ಚಿತ್ರದ ಕತೆ ಮುಗೀತು."

ಮಾಲತೇಶಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ.

ಮಾರನೆಯ ದಿನ ಶುಕ್ರವಾರ. ಕುತುಬುದ್ದೀನ್, ರಹೀಮ್ ಇಬ್ಬರೂ ಜುಮ್ಮಾ ನಮಾಜಿಗೆ ಹೋಗಿದ್ದರು. ಉಚ್ಚಂಗಮ್ಮ ಒಬ್ಬಳೇ ಇದ್ದಳು. ಮಾಲತೇಶಪ್ಪ ಎದುರಿನ ಸ್ಟೂಲಿನ ಮೇಲೆ ಕೂತ.

"ಚಿತ್ರ ಹಾಳಾಗಿಲ್ಲ, ಅಲ್ವಾ ತಾಯಿ?"

ಅವಳು ಬಾಗಿಲ ಕಡೆ ನೋಡಿದಳು.

"ಅಂಗಡಿಯ ಡಿಸೈನುಗಳಿಗೆಲ್ಲ ಒಂದೇ ಬಾಲ. ಶಬ್ಬೀರ್ ತನ್ನ ಸ್ವಂತದ್ದಕ್ಕೆ ಮಾತ್ರ ಬೇರೆ ಬಾಲ ಇಟ್ಟಿದ್ದ. ಆ ಬಾಲದ ಫೈಲನ್ನ ಚಿತ್ರದ ಪ್ರೋಗ್ರಾಮಿನಲ್ಲಿ ತೆರಿ ಅಂತ ಅವನು ಹೇಳಿಟ್ಟಿದ್ದ. ಅವನು ಹೋದ ಮೇಲೆ ಯಾರೋ ಅದನ್ನ ಅಕ್ಷರದ ಕಡೆಗೆ ತಿರುಗಿಸಿದ್ದಾರೆ. ರಹೀಮನಿಗೆ ಮಷೀನು ಅಂದ್ರೆ ಹೆದರಿಕೆ. ನಿಮ್ಮ ಸಾಹುಕಾರನಿಗೆ ಮೌಸ್ ಒತ್ತೋದು ಬಿಟ್ರೆ ಬೇರೆ ಗೊತ್ತಿಲ್ಲ. ಉಳಿದವಳು ನೀನು."

"ನಾನು ಅಂತ ಹೆಂಗೆ ಹೇಳ್ತೀರಿ?"

"ನೀನೇ ಹೇಳಿದೆ, ನಮ್ಮ ಕಿವಿಗೆ ಬೀಳಲಿಲ್ಲ. ಕಸ ಕಂಡಾಗ ಚಿತ್ರ ಸತ್ತೇ ಹೋಯ್ತು ಅಂತ ಎಲ್ಲರೂ ಕೂಗಾಡಿದ್ರು. ನೀನೊಬ್ಬಳೇ 'ಸೇವ್ ಮಾಡ್ಬ್ಯಾಡ್ರಿ' ಅಂತ ಓಡಿಬಂದೆ. ಸತ್ತದ್ದನ್ನ ಯಾರು ಕಾಪಾಡ್ತಾರೆ? ಒಳಗೆ ಜೀವ ಇದೆ ಅಂತ ನಿನಗೆ ಗೊತ್ತಿತ್ತು. ಬೇಡ ಅಂದಿದ್ರೆ ಅಳಿಸೋದು ಎಷ್ಟು ಹೊತ್ತಿನ ಕೆಲಸ? ನೋಡೋರಿಗೆ ಕಾಣಬಾರದು, ಆದ್ರೆ ಅದು ಇರಬೇಕು — ಯಾಕೆ?"

ಉಚ್ಚಂಗಮ್ಮ ಅಳಲಿಲ್ಲ. ಕೀಲಿಮಣೆ ಎಳೆದುಕೊಂಡು ಏನೋ ಒಂದು ಸಾಲು ತಿದ್ದಿದಳು. ಮೌಸ್ ಒತ್ತಿದಳು.

ಪರದೆಯ ತುಂಬ ಬಳ್ಳಿ ಹಬ್ಬಿತು. ನೋಡುತ್ತ ನೋಡುತ್ತ ಅದು ಬಳ್ಳಿಯಲ್ಲ ಎಂದು ಮಾಲತೇಶಪ್ಪನಿಗೆ ತಿಳಿಯಿತು. ಕನ್ನಡದ ಅಕ್ಷರಗಳು. ಒಂದರ ಕೊಂಬು ಇನ್ನೊಂದರ ಸುತ್ತ ಸುತ್ತಿಕೊಂಡು, ಅಂಚಿನಿಂದ ಅಂಚಿಗೆ ಎರಡೇ ಹೆಸರುಗಳು — ಶಬ್ಬೀರ್, ಉಚ್ಚಂಗಮ್ಮ. ಮದುವೆಯ ಜಮಖಾನಕ್ಕೆ ಗಂಡು ಹೆಣ್ಣಿನ ಹೆಸರು ನೇಯಿಸುವುದು ಈ ಕಡೆಯ ರೂಢಿ. ಸಾಮಾನ್ಯವಾಗಿ ಅಂಚಿನಲ್ಲೊಂದು ಸಾಲು ಇರುತ್ತದೆ, ಅಷ್ಟೇ. ಈ ಹುಡುಗ ಹೆಸರುಗಳಿಂದಲೇ ಜಮಖಾನ ಮಾಡಿದ್ದ.

"ಇದನ್ನ ಅವರಪ್ಪ ಜನರ ಮುಂದೆ ಹಾಸಿದ್ರೆ ನಮ್ಮಣ್ಣ ನನ್ನ ಜೀವಸಹಿತ ಬಿಡಲ್ಲ ಸಾರ್" ಎಂದಳು. "ಮದುವೆ ಬ್ಯಾಡ ಅಂದಿದ್ದಕ್ಕೇ ಬಾಸುಂಡೆ ಬಂದಾವೆ."

"ಹೆಸರಷ್ಟೇ ತೆಗೆದು ಕೊಡಬಹುದಿತ್ತಲ್ಲ?"

"ಹೆಸರು ತೆಗೆದ್ರೆ ಏನುಳೀತೈತೆ, ನೀವೇ ನೋಡ್ರಿ. ಅಳಿಸ್ಬೇಕು ಅಂತ ಎಷ್ಟೋ ಸಲ ಕೂತೆ. ಕೈ ಬರ್ಲಿಲ್ಲ. ಅವರನ್ನ ಮಣ್ಣು ಮಾಡೋವಾಗ ನಾನು ಹೋಗೋ ಹಂಗಿರ್ಲಿಲ್ಲ. ಇದನ್ನೂ ನಾನೇ ಮಣ್ಣು ಮಾಡ್ಲಾ?"

ಆಗ ಅತ್ತಳು. ಸದ್ದು ಹೊರಗೆ ಹೋಗದ ಹಾಗೆ ಸೆರಗನ್ನು ಬಾಯಿಗೆ ತುರುಕಿಕೊಂಡು. ಎಷ್ಟೋ ಕಳ್ಳರನ್ನು ಹಿಡಿದಿದ್ದ ಮಾಲತೇಶಪ್ಪನಿಗೆ ಈ ಕಳ್ಳಿಯನ್ನು ಹಿಡಿದದ್ದಕ್ಕೆ ನಾಚಿಕೆಯಾಯಿತು.

"ಮತ್ತೆ ಕಸಾನೇ ಕಾಣೋ ಹಂಗೆ ಮಾಡಿಡು ತಾಯಿ" ಎಂದ. "ಯಾರಿಗೂ ಹೇಳಲ್ಲ. ನನ್ನ ಮಾತು."

ಸಂಜೆ ಹರಿಹರದಲ್ಲಿ ಬಡೇಸಾಬನಿಗೆ ಹೇಳಿದ: ಮಷೀನೇ ಕೆಟ್ಟಿತ್ತು, ಯಾರ ತಪ್ಪೂ ಇಲ್ಲ. ಬಡೇಸಾಬ್ ಎದ್ದು ಹೋಗಿ ಮಗ್ಗದಿಂದ ನೂಲು ಬಿಚ್ಚತೊಡಗಿದ.

ಅವನ ಹೆಂಡತಿ ದಿಲ್ಷಾದ್ ಬೇಗಂ ಚಹಾ ತಂದಿಟ್ಟು, ಮಗ್ಗದ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಅವರಿಗೆ ಗೊತ್ತಿಲ್ಲ ಅಣ್ಣಾ. ಶಬ್ಬೀರ್ ನನಗೊಬ್ಬಳಿಗೇ ಹೇಳಿದ್ದ. ಅಮ್ಮೀ, ಇದು ನನ್ನ ಮದುವೆ ಜಮಖಾನ, ಹುಡುಗಿ ಹೆಸರು ಅದ್ರಾಗೇ ಐತೆ, ನೇಯ್ದ ಮ್ಯಾಲೆ ಓದು ಅಂತ. ನನಗೆ ಜಮಖಾನ ಯಾಕ ಬೇಕಣ್ಣಾ? ಆ ಹೆಸರು ಬೇಕಿತ್ತು. ಯಾವ ಜಾತಿಯಾಕೇ ಆಗ್ಲಿ. ಎಲ್ಲೋ ಒಬ್ಳೇ ಕೂತು ಅಳ್ತಿರ್ತಾಳೆ, ಜೋರಾಗಿ ಅಳಕ್ಕೂ ಆಗ್ದಂಗೆ. ಹೋಗಿ ಒಂದ್ಸಲ ತಬ್ಕೋಬೇಕು ಅಂತಿದ್ದೆ."

ಮಾಲತೇಶಪ್ಪ ಹೊರಡಲು ಕೊಡೆ ಎತ್ತಿಕೊಂಡ.

"ಅಂಗಡಿಯಾಗೆ ನಿಮಗೇನಾದ್ರೂ ಗೊತ್ತಾಯ್ತೇನಣ್ಣಾ? ಯಾರಾದ್ರೂ ಹುಡುಗಿ..."

"ಇಲ್ಲ ತಾಯಿ" ಎಂದ ಮಾಲತೇಶಪ್ಪ.

ಅವಳು ಅದನ್ನು ನಂಬಿದಳು.