ಪಟ್ಟಿಯಂಚಿನ ‘ಸರಿ’

"ಪಟ್ಟಿಯೊಳಗ ನಿಮ್ಮ ಹೆಸರು ಎಲ್ಲೈತ್ರಿ?"

ಬೈಲಹೊಂಗಲದ ಕಂಪ್ಯೂಟರ್ ಸೆಂಟರಿನಲ್ಲಿ ಗೌರೀಶ ಹೀಗೆ ಕೇಳಿದಾಗ ಭಾಗೀರಥಿ ತಲೆ ಎತ್ತಲಿಲ್ಲ. ಇಪ್ಪತ್ತು ದಿನಗಳ ಮೇಲೆ ಧಾರವಾಡದಿಂದ ಬಂದವನು ಕೇಳುವುದು ಇದನ್ನೇ...

ಐದಕ್ಕೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ಪಟ್ಟಿ ಮೇಲ್ ಆಗಬೇಕು. ಈಗ ನಾಲ್ಕೂಮುಕ್ಕಾಲು.

ಅವನು ಸಂಶೋಧಕ, ಅವಳು ಇಲ್ಲಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವಳು. ಇಬ್ಬರೂ ಎರಡು ವರ್ಷ ಇಂಗಾಲದ ನಕ್ಷತ್ರಗಳನ್ನು ಹುಡುಕಿ ಪಟ್ಟಿ ಮಾಡಿದ್ದರು. ಮಂಕಾದ, ಕೆಂಪನೆಯ, ಬರಿಗಣ್ಣಿಗೆ ಕಾಣದ ನಕ್ಷತ್ರಗಳು. ಆಕಾಶ ಸಮೀಕ್ಷೆಯ ನಲವತ್ತು ವರ್ಷ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಇದ್ದ ಜಾಗ ಬಿಟ್ಟು ಚೂರು ಸರಿದಿದ್ದರೆ ಆ ನಕ್ಷತ್ರ ನಮಗೆ ಹತ್ತಿರದ್ದು. ಅದರ ಮುಂದೆ ‘ಸರಿ’ ಎಂದು ಬರೆಯುವುದು, ಸರಿದಿದೆ ಎಂಬ ಅರ್ಥದಲ್ಲಿ.

ಕಳೆದ ಸಲ ಭಾಗೀರಥಿ ಪಟ್ಟಿಯ ತಲೆಗೆ ಇಬ್ಬರ ಹೆಸರನ್ನೂ ಒತ್ತೊತ್ತಿಗೆ ಬರೆದು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕೇಳಿದ್ದಳು: ‘ಈ ಎರಡೂ ಹೆಸರು ಕಡೀತನಕ ಹಿಂಗ ಇರಲೇನ್ರಿ?’

ಅವನಿಂದ ಅಂಚೆಯಲ್ಲಿ ಮರಳಿ ಬಂದ ಹಾಳೆಯಲ್ಲಿ ಒಂದೇ ಮಾತು. ಸರಿ.

ಪಕ್ಕಕ್ಕೆ ಸರಿ ಅಂದನಲ್ಲ... ಮರ್ಯಾದೆಗೆ ಒಂದು ‘ರಿ’ ಸೈತ ಇಲ್ಲ! ಅತ್ತು ಅತ್ತು ಕಣ್ಣು ಊದಿದವು. ಅಪ್ಪ ಸಿರಸಂಗಿಯ ವರನ ಮಾತು ತೆಗೆದಾಗ, ಬರಲಿ ಎಂದುಬಿಟ್ಟಳು. ನಾಳೆಯೇ ಅವರು ಹೆಣ್ಣು ನೋಡಲು ಬರುವವರು.

"ಸರಿ ಅಂದ್ರಿ, ಸರದೇನಿ. ಪಟ್ಟಿಯಿಂದನೂ."

ಗೌರೀಶನ ಮುಖ ಬಿಳಿಚಿತು. "ಹೌದು ಅಂತ ಬರದಿದ್ದೆರಿ ನಾ... ಹಿಂಗ ಇರಲಿ ಅಂತ."

ಹೌದು ಅಂತಲೇ ಬರೆಯಲಿಕ್ಕೆ ಏನಾಗಿತ್ತು ಈ ಮಹಾಶಯನಿಗೆ? ಮೂರು ಸಲ ಫೋನ್ ಮಾಡಿದ್ದನಂತೆ. ಅದು ಖರೆ. ಮನೆಯಲ್ಲಿಲ್ಲ ಅನ್ನು ಎಂದು ಅವ್ವನಿಗೆ ಹೇಳಿಕೊಟ್ಟವಳು ಇವಳೇ.

ಭಾಗೀರಥಿ ಗಡಿಯಾರ ನೋಡಿದಳು. ಐದಕ್ಕೆ ಹತ್ತು ನಿಮಿಷ ಉಳಿದಿತ್ತು. ಮೊದಲು ಮನೆಗೆ ಫೋನ್ ಹಚ್ಚಿದಳು.

"ಅಪ್ಪಾ, ನಾಳೆ ಅವರು ಬರೋದು ಬ್ಯಾಡ. ಯಾಕಂತ ಮನಿಗೆ ಬಂದು ಹೇಳತೇನಿ."

ಆ ಕಡೆ ಅಪ್ಪ ಕೂಗಾಡುತ್ತಿದ್ದ. ಫೋನ್ ಇಟ್ಟುಬಿಟ್ಟಳು. ಕಂಪ್ಯೂಟರಿನ ಮುಂದೆ ಗೌರೀಶ ಕೂತಿದ್ದ ಬೆಂಚಿನ ಹತ್ತಿರ ಬಂದು ನಿಂತಳು.

"ಸರೀರಿ."

ಗೌರೀಶ ಬೆದರಿ ನೋಡಿದ. "ಇದು ಯಾವ ಸರಿರಿ?"

"ಆ ಕಡೆ ಸರೀರಿ. ನನ್ನ ಹೆಸರು ಬರೀಬೇಕು."

ಅವನು ಪಾಪ, ಬೆಂಚಿನ ತುದಿಗೇ ಸರಿದ.

ಭಾಗೀರಥಿ ಕಣ್ಣೊರೆಸಿಕೊಂಡು ನಕ್ಕಳು. "ಅಷ್ಟು ದೂರ ಬ್ಯಾಡ್ರಿ."