ಬಾನೆಟ್ಟಿನ ಮೇಲಿನ ಕೌದಿ

2025ರ ಜನವರಿ 14, ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ತುರ್ಭೆಯ ಠಾಣೆಯಲ್ಲಿ ಸಂಕ್ರಾಂತಿಯ ತಿಳಗುಳದ ಉಂಡೆಗಳ ಡಬ್ಬಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ಇಬ್ಬರು ಒಟ್ಟಿಗೇ ದೂರು ಹಿಡಿದು ಬಂದರು. ಒಬ್ಬ ಪ್ರಥಮ, ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೂಡಿಡುವ ಬೇಲಾಪುರದ ಶ್ರೀಮಂತ. ಇನ್ನೊಬ್ಬ ಅನೀಶ, ಅಂಥ ಕಾರುಗಳನ್ನು ಮುಚ್ಚಿದ ಲಾರಿಯಲ್ಲಿ ಸಾಗಿಸುವ ಕಂಪನಿಯ ಮಾಲೀಕ, ಉಡುಪಿ ಕಡೆಯವನು.

ಸಬ್‌ಇನ್‌ಸ್ಪೆಕ್ಟರ್ ಮಾಲಾ ಹೊಸಮನಿ ದೂರು ಓದಿದಳು. ದಿಲ್ಲಿಯಲ್ಲಿ ಕೊಂಡ ಕೆಂಪು ಬಣ್ಣದ ಎರಡು ಸೀಟಿನ ಕಾರು. ಮಂಜು ಕವಿದ ಹೆದ್ದಾರಿಯಲ್ಲಿ ನಾಲ್ಕು ದಿನ ಸಾಗಿ, ವಾಪಿಯ ಬಳಿ ಅಕಾಲ ಮಳೆಗೆ ಸಿಕ್ಕು, ನಿನ್ನೆ ಸಂಜೆ ಗೋದಾಮು ತಲುಪಿತ್ತು. ಇಂದು ಹೊದಿಕೆ ತೆಗೆದರೆ ಬಾನೆಟ್ ತುಂಬ ಗೀಚುಗಳು. ಆರೋಪಿಯ ಜಾಗದಲ್ಲಿ ಚಾಲಕ ಮಾಪಣ್ಣನ ಹೆಸರು.

"ಮಾಪಣ್ಣನೇ ಅಂತ ಹೇಗೆ ಹೇಳ್ತೀರಿ?"

"ಮತ್ತೆ ಯಾರು ಮಾರಾಯ್ರೆ? ಲಾರಿ ಪೆಟ್ಟಿಗೆಯ ಬೀಗದ ಕೈ ಅವನ ಹತ್ರವೇ ಉಂಟು," ಎಂದ ಅನೀಶ. "ಒಳಗೆ ಕ್ಯಾಮೆರಾ ಉಂಟು, ಉಷ್ಣಾಂಶ ನನ್ನ ಮೊಬೈಲಿಗೇ ಬರ್ತದೆ. ಕ್ಯಾಮೆರಾದಲ್ಲಿ ಏನೂ ಕಾಣುದಿಲ್ಲ. ಹಾಗಾದ್ರೆ ಲೋಡ್ ಮಾಡುವಾಗಲೇ ಏನೋ ಮಾಡಿದ್ದಾನೆ."

ಬಾನೆಟ್ಟಿಗೆ ಮತ್ತೆ ಬಣ್ಣ ಬಳಿಸಬಹುದು, ಆದರೆ ಮೂಲ ಬಣ್ಣ ಮರಳುವುದಿಲ್ಲ ಎಂದು ಪ್ರಥಮ ಇಂಗ್ಲಿಷಿನಲ್ಲಿ ಹೇಳುವಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಭಾರತೀಯ ನ್ಯಾಯ ಸಂಹಿತೆಯ ಕಲಂ 324(5)ರ ಅಡಿ ಆಸ್ತಿ ಹಾನಿಯ ಎಫ್‌ಐಆರ್ ದಾಖಲಾಯಿತು. ಮಾಪಣ್ಣನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಅವನ ಲೈಸೆನ್ಸು ಆಗಲೇ ಅನೀಶನ ಜೇಬಿನಲ್ಲಿತ್ತು. ಮಾಲಾ ಅದನ್ನು ಕೇಳಿ ಪಡೆದು ತನ್ನ ಡ್ರಾಯರಿನಲ್ಲಿಟ್ಟಳು.

ಮಧ್ಯಾಹ್ನ ಎರಡಕ್ಕೆ ಗೋದಾಮಿನಲ್ಲಿ ಸ್ಥಳ ಪಂಚನಾಮೆ. ಮಾಲಾ ಡೊಂಬಿವಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಭೂತಗನ್ನಡಿ ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದಳು. ಮೊಳೆಯಿಂದಲೋ ಕೀಲಿಯಿಂದಲೋ ಎಳೆದ ಗೀಚುಗಳಲ್ಲ. ಕೂದಲೆಳೆಯಷ್ಟು ಸಣ್ಣವು, ಸಾವಿರಾರು; ದೂರದಿಂದ ನೋಡಿದರೆ ಚೌಕದೊಳಗೆ ಚೌಕವಾಗಿ ನಡುವಿಗೆ ಸರಿಯುತ್ತಿದ್ದವು. ಎರಡು ಸಾಲುಗಳ ನಡುವೆ ಎಲ್ಲೆಡೆ ಒಂದೇ ಅಂತರ. ಕೈಯಲ್ಲಿ ಗೀಚಿದವನಿಗೆ ಇಷ್ಟು ತಾಳ್ಮೆ ಇರುವುದಿಲ್ಲ.

"ಹೊದಿಕೆ ಎಲ್ಲಿ?"

ಮೂಲೆಯಲ್ಲಿ ಮೂರು ಕೌದಿಗಳು ಮಡಚಿ ಬಿದ್ದಿದ್ದವು. ಬಾನೆಟ್ಟಿಗೆ ಒಂದು, ಛಾವಣಿಗೆ ಒಂದು, ಡಿಕ್ಕಿಗೆ ಒಂದು. ಹಳೆಯ ಸೀರೆಗಳನ್ನು ಪದರ ಸೇರಿಸಿ ಕೈಯಲ್ಲೇ ಹೊಲಿದದ್ದು. ಚಳಿಗಾಲದ ಸಾಗಣೆಗೆ ಇದಕ್ಕಿಂತ ಮೆತ್ತನೆಯದು ಸಿಗುವುದಿಲ್ಲವೆಂದು ಅನೀಶ ತುರ್ಭೆಗೆ ದುಡಿಯಲು ಬಂದ ಕನ್ನಡದ ಹೆಂಗಸರಿಂದ ಹೊಲಿಸುತ್ತಿದ್ದ. ಬಾನೆಟ್ಟಿನ ಕೌದಿಯ ಹೊಲಿಗೆ ಸಾಲುಗಳ ಮೇಲೆ ಮಾಲಾ ಸ್ಕೇಲು ಇಟ್ಟಳು. ಗೀಚಿನ ಅಂತರ, ಹೊಲಿಗೆಯ ಅಂತರ ಎರಡೂ ಒಂದೇ.

ಪಂಚರ ಎದುರು ಕೌದಿಯ ಒಳಬದಿಯನ್ನು ಬಿಚ್ಚಿದರು. ತೆಳುವಾದ ಅರಿವೆಯ ಹಿಂದೆ, ಸಾಲು ಸಾಲಿನ ನಡುವೆ, ಬೂದು ಬಣ್ಣದ ಪುಡಿ. ಪೇದೆ ವಿಶಾಲ್ ಬೆರಳಲ್ಲಿ ಮುಟ್ಟಿ ಕೈ ಹಿಂದೆಗೆದ. ಸಾಣೆಕಲ್ಲಿನ ಪುಡಿ. ಬೆಲ್ಟಿನಿಂದ ಬಿಗಿದ ಕೌದಿಯ ಕೆಳಗೆ ಲಾರಿಯ ಒಂದೊಂದು ಕುಲುಕಿಗೂ ಅದು ಒಂದೊಂದು ಗೆರೆ ಎಳೆದಿತ್ತು.

ಕೌದಿಯ ನಟ್ಟನಡುವೆ ಇನ್ನೇನೋ ಇತ್ತು. ಒಣಗಿ ಹಲಗೆಯಾದ ಸಜ್ಜೆ ರೊಟ್ಟಿಯ ತುಂಡು. ಮೇಲೆ ಬಿಳಿ ಎಳ್ಳು.

"ಚೂಹಾ ಲೇಕೆ ಗಯಾ ಹೋಗಾ ಮ್ಯಾಡಂ," ಎಂದ ವಿಶಾಲ್. ಮಂಗಳೂರಿನ ತಂದೆತಾಯಿಗೆ ಕಲ್ಯಾಣದಲ್ಲಿ ಹುಟ್ಟಿದವನು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

"ಇಲಿ ಹೊಲಿಗೆ ಹಾಕಿ ಹೋಗ್ತದೇನೋ?"

ಮಾಲಾ ಉಳಿದೆರಡು ಕೌದಿಗಳನ್ನೂ ಬಿಚ್ಚಿಸಿದಳು. ಪುಡಿ ಇರಲಿಲ್ಲ. ಒಂದರ ನಡುವೆ ಚಿಟಿಕೆ ಅಕ್ಕಿ, ಇನ್ನೊಂದರಲ್ಲಿ ಸಕ್ಕರೆ ಕರಗಿ ಅಂಟಿದ ಕಲೆ. ಅವಳಿಗೆ ಅಫಜಲಪುರದ ಅಜ್ಜಿ ನೆನಪಾದಳು. ಕೊನೆಯ ತೇಪೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆಗೆ ಏನಾದರೂ ತಿನ್ನಲು ಇಡಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಂದರೆ ಅಫಜಲಪುರದ ಕಡೆ ಎಳ್ಳಮಾವಾಸ್ಯೆಯ ಅಡುಗೆ. ಅದು ಡಿಸೆಂಬರ್ 30. ಲಾರಿ ಕೌದಿಗಳೊಂದಿಗೆ ದಿಲ್ಲಿಗೆ ಹೊರಟದ್ದು ಜನವರಿ 3. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತಿರಲಿಲ್ಲ; ಮಾಪಣ್ಣನ ಕೈಗೆ ಬರುವ ಮೊದಲೇ ಪುಡಿ ಒಳಗಿತ್ತು.

ಜನವರಿ 16, ಗುರುವಾರ, ಮಧ್ಯಾಹ್ನ 3 ಗಂಟೆ. ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಮೂವರು ಹೆಂಗಸರು ಸೂಜಿ ಹಿಡಿದು ಕುಳಿತಿದ್ದರು. ಸಮವಸ್ತ್ರ ಕಂಡು ಒಬ್ಬಳು ಸೆರಗು ಎಳೆದುಕೊಂಡಳು.

"ಕೂಡ್ರಿ ಕೂಡ್ರಿ," ಎಂದು ಮಾಲಾ ನೆಲದ ಮೇಲೇ ಕುಳಿತಳು. "ಆ ಕೆಂಪು ಕಾರಿನ ಕೌದಿ ಒಬ್ಬೊಬ್ಬರು ಒಂದೊಂದು ಹೊಲಿದಿರೇನು?"

"ಹೌದ್ರಿ."

"ಹೊಟ್ಟಿಗಿ ಏನ್ ಹಾಕಿದ್ರಿ?"

ಮೊದಲನೆಯವಳು ನಕ್ಕೇಬಿಟ್ಟಳು. "ಅಯ್ಯ, ನಿಮಗೂ ಗೊತ್ತದೇನ್ರಿ ಬಾಯಾರ? ನಾ ನಾಕು ಅಕ್ಕಿಕಾಳು ಹಾಕೀನಿ. ಕಾರು ಎಷ್ಟು ತಿಂತದ!"

"ನಾ ಸಕ್ರಿ," ಎಂದಳು ಎರಡನೆಯವಳು. "ಶ್ರೀಮಂತರ ಗಾಡಿ, ಸೀ ತಿನ್ನಲಿ ಅಂತ."

ಮೂರನೆಯವಳು ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಹೆಸರು ಗುರಮ್ಮ. ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು:

"ಮಾಪಣ್ಣನ್ನ ಒಳಗ ಹಾಕೀರೇನ್ರಿ?"

"ಇನ್ನೂ ಇಲ್ಲ."

"ಬಿಟ್ಬಿಡ್ರಿ ಅವನ್ನ. ನಾ ರೊಟ್ಟಿ ಹಾಕೀನಿ."

ಉಳಿದಿಬ್ಬರ ನಗು ನಿಂತಿತು.

ಅವಳ ಖೋಲಿಯಲ್ಲಿ ಪಂಚರೆದುರು ಶೋಧ ನಡೆಯಿತು. ಒಲೆಯ ಹಿಂದಿನ ಡಾಲ್ಡಾ ಡಬ್ಬಿಯಲ್ಲಿ ಅರ್ಧ ಉಳಿದ ಸಾಣೆಪುಡಿ. ಪಕ್ಕದ ಕಾರ್ಖಾನೆಯ ಕಸದಿಂದ ಗೋರಿ ತಂದದ್ದು. ಮಗಳು ಜ್ಯೋತಿ ಬಾಗಿಲಲ್ಲೇ ನಿಂತು "ಆಈ, ಕಾಯ್ ಕೇಲಂಸ್ ತೂ?" ಎಂದು, ಅವ್ವ ಏನು ಮಾಡಿದಳೆಂದು, ಮರಾಠಿಯಲ್ಲಿ ಕೇಳುತ್ತಲೇ ಇದ್ದಳು. ಗುರಮ್ಮ ಅವಳ ಕಡೆ ನೋಡಲಿಲ್ಲ.

"ಯಾಕೆ ಮಾಡಿದಿ?" ಎಂದಳು ಮಾಲಾ.

"ಹ್ವಾದ ವರ್ಷದ ಚಳಿಗಾಲ. ಕಾಶ್ಮೀರದಿಂದ ಕಾರು ತರಾಕ ನಮ್ಮ ಬಾಲಪ್ಪ ಕ್ಲೀನರ್ ಆಗಿ ಹೋಗಿದ್ದ. ನನ್ನ ಗಂಡ. ಬರ್ಫ ಬಿದ್ದು ರಸ್ತೆ ಬಂದ್ ಆಯ್ತು. ಮಾಪಣ್ಣ ಮುಂದ ಕ್ಯಾಬಿನ್ನಾಗ. ಇವ ಹಿಂದ ಪೆಟ್ಟಿಗ್ಯಾಗ, ಕಾರು ಕಾಯ್ಕೋತ. ಅನೀಶ ಸೇಠನ ಹುಕುಂ."

"ಹೊದಿಕೆ?"

"ಕಾರಿನ ಮ್ಯಾಲೆ ಮೂರು ಕೌದಿ ಇದ್ದವಲ್ರಿ. ಬಾನೆಟ್ಟಿಂದು ನಾ ಹೊಲದದ್ದು, ನನ್ನ ಲಗ್ನದ ಸೀರಿ ಹಾಕಿ. ಒಂದು ಎಳಕೊಂಡ್ರ ಮುಗೀತಿತ್ತು. ಸೇಠನ್ನ ಫೋನಿನ್ಯಾಗ ಕೇಳ್ಯಾನ. ಎಳದ್ರ ಬಣ್ಣಕ್ಕ ಗೀಚು ಬೀಳ್ತಾವ, ಮುಟ್ಟಬ್ಯಾಡ ಅಂದನಂತ. ಕ್ಯಾಮೆರಾ ನೋಡ್ಲಿಕತ್ತಿತ್ತು. ಇವ ಮುಟ್ಲಿಲ್ಲ. ಬೆಳಗಾಗೂದ್ರಾಗ ಸತ್ತಿದ್ದ." ಡಬ್ಬಿಯ ಕಡೆ ನೋಡಿ ಅಂದಳು, "ಗೀಚು ಅಂದ್ರ ಏನಂತ ತೋರಿಸ್ಬೇಕಾಗಿತ್ತು."

"ರೊಟ್ಟಿ ಇಡದಿದ್ರೆ ನೀನೇ ಅಂತ ನನಗೆ ಗೊತ್ತಾಗ್ತಿರಲಿಲ್ಲ."

"ಕೌದಿದೇನು ತಪ್ಪದರಿ?" ಎಂದಳು ಗುರಮ್ಮ.

ಸಂಜೆ 4 ಗಂಟೆ 50 ನಿಮಿಷಕ್ಕೆ, ಸೂರ್ಯ ಮುಳುಗುವ ಮುನ್ನ, ಬಂಧನ ದಾಖಲಾಯಿತು. ಮಾಪಣ್ಣ ಲೈಸೆನ್ಸು ತೆಗೆದುಕೊಂಡ. ಫೋನಿನ ಮಾತು ನಿಜವೆಂದು ಹೇಳಿಕೆ ಕೊಟ್ಟ. ತಾನೇ ಬಾಲಪ್ಪನಿಗೆ ನಂಬರ್ ಹಚ್ಚಿಕೊಟ್ಟಿದ್ದೆನೆಂದ. ಹೊರಗೆ ಗುರಮ್ಮನ ಎದುರು ನಿಲ್ಲಲಾರದೆ ಹಿಂಬಾಗಿಲಿನಿಂದ ಹೋದ.

ಮಾಲಾ ಅನೀಶನಿಗೆ ಫೋನ್ ಮಾಡಿದಳು.

"ಬಾಲಪ್ಪ ಸತ್ತ ರಾತ್ರಿ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇತ್ತು?"

"ಮೈನಸ್ ಏಳು ಇರ್ಬೇಕು. ಯಾಕೆ ಮ್ಯಾಡಂ?"

"ನಿಮ್ಮ ಮೊಬೈಲಿಗೆ ಬಂದಿತ್ತಾ?"

"ಬಂದಿತ್ತು, ಬಂದಿತ್ತು. ಹೆದರುವಂಥದ್ದು ಏನೂ ಇರ್ಲಿಲ್ಲ. ಒಳ್ಳೆ ಕೂಲಂಟ್ ಹಾಕಿಸಿದ್ದೆ, ಎಂಜಿನ್‌ಗೆ ಏನೂ ಆಗ್ಲಿಲ್ಲ."

ಕಾಶ್ಮೀರದ ಠಾಣೆಯಿಂದ ತರಿಸಿಕೊಂಡ ವರದಿಯಲ್ಲಿ ಬಾಲಪ್ಪನ ಸಾವಿಗೆ ಹೃದಯಾಘಾತವೆಂದು ಬರೆದಿತ್ತು. ಮಾಲಾ ಗುರಮ್ಮ, ಮಾಪಣ್ಣ ಇಬ್ಬರ ಹೇಳಿಕೆಗಳ ಪ್ರತಿಯನ್ನೂ ಮರುತನಿಖೆ ಕೋರಿದ ಒಂದು ಪತ್ರವನ್ನೂ ಸೇರಿಸಿ ಅಲ್ಲಿಗೇ ಕಳಿಸಿದಳು.

"ವೋ ಹಮಾರೀ ಹದ್ ಮೇ ನಹೀಂ ಆತಾ ಮ್ಯಾಡಂ," ಎಂದ ವಿಶಾಲ್, ಮೆಲ್ಲಗೆ.

"ನಮ್ಮ ಸರಹದ್ದಲ್ಲ, ಗೊತ್ತಪ್ಪ."

ನಂತರ ಇಬ್ಬರೂ ಜಪ್ತಿ ಮಾಡಿದ ಮುದ್ದೆಮಾಲಿನ ಪಟ್ಟಿ ಮಾಡಲು ಕುಳಿತರು. ಕೌದಿ, ಕೈಹೊಲಿಗೆಯದು, ಒಂದು. ಸಾಣೆಪುಡಿ, ಡಬ್ಬಿ ಸಮೇತ, ಒಂದು. ವಿಶಾಲ್ ಕೊನೆಯ ಪೊಟ್ಟಣವನ್ನು ಸಣ್ಣ ತಕ್ಕಡಿಯ ಮೇಲಿಟ್ಟು ಅಂಕಿ ಓದಿದ, ಮಾಲಾ ಬರೆದುಕೊಂಡಳು. ಸಜ್ಜೆ ರೊಟ್ಟಿಯ ತುಂಡು, ಒಂದು. ತೂಕ ಆರು ಗ್ರಾಂ.