ನಡುವೆ ಬಾಳಿರ್ಕೆ

ಕಲ್ಹೊಳಲಿನ ಪೇಟೆಬೀದಿಯ ನಟ್ಟನಡುವೆ ತೆಂಗಿನ ನಾರಿನ ಹಗ್ಗವೊಂದನ್ನು ಕಟ್ಟಲಾಗಿತ್ತು. ಅದರಾಚೆ ಹೇಮಗಿರಿಯ ಕೆಂಪು ಪತಾಕೆಗಳು, ಈಚೆ ಮಣಲೂರಿನ ಹಸುರು ಪತಾಕೆಗಳು. ಎಂಟು ವರ್ಷಗಳ ಮಹಾಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಕಾದಿ ಶತ್ರುವಿನ ರಾಜಧಾನಿಯಾಗಿದ್ದ ಆ ಊರನ್ನು ಗೆದ್ದ ಎರಡು ರಾಜ್ಯಗಳು, ಮೂರೇ ತಿಂಗಳಲ್ಲಿ ಅದನ್ನು ಹೋಳಿಗೆಯಂತೆ ಎರಡು ಹೋಳು ಮಾಡಿಕೊಂಡು, ಹಗ್ಗದ ಎರಡೂ ಬದಿಗೆ ನಿಂತು ಹಲ್ಲು ಮಸೆಯುತ್ತಿದ್ದವು. ತಪ್ಪಿ ಹಗ್ಗ ದಾಟಿದ ಹಸು ಕೂಡ ಮರಳಿ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ಹೇಮಗಿರಿಯಿಂದ ಬಂದ ಓಲೆಯನ್ನು ದಂಡನಾಯಕ ಗೋವಿಯರಸನು ಮಣಲೂರಿನ ತರುಣ ದೊರೆ ಇರಿವಮಲ್ಲನ ಮುಂದೆ ಗುಡುಗುವ ದನಿಯಲ್ಲಿ ಓದಿದನು: “ಏಳು ದಿನದೊಳ್ ಮಾರುತ್ತರಂ ಬರ್ಕೆ. ನಮ್ಮಿರ್ವರ ನಡುವೆ ಬಾಳಿರ್ಕೆ.”

“ಪ್ರಭು, ಏಳು ದಿನದೊಳಗೆ ಉತ್ತರ ಬೇಕಂತೆ; ನಮ್ಮಿಬ್ಬರ ನಡುವೆ ಖಡ್ಗವಿರಲಿ ಎಂದು ಸಾರಿದ್ದಾರೆ. ಅಪ್ಪಣೆಯಾದರೆ ಸಂಜೆಯೊಳಗೆ ಹಗ್ಗ ದಾಟುತ್ತೇವೆ.”

ಮೂಲೆಯಲ್ಲಿ ಕುಳಿತಿದ್ದ ಆಸ್ಥಾನದ ಹಿರಿಯ ಲೇಖಕ ಬೂಚಿಮಯ್ಯನು ಎದ್ದು ನಿಂತನು. “ಬಾಳೆಂದರೆ ಬದುಕೂ ಹೌದು, ಮಹಾಸ್ವಾಮಿ.”

ಗೋವಿಯರಸನು ನಕ್ಕನು. ಈ ಮುದುಕನ ಬಾಯಿ ಮುಚ್ಚಿಸಲು ಅವನು ಎಂದಿನಿಂದಲೋ ಕಾದಿದ್ದನು. “ಖಡ್ಗದ ಬಾಳಿಗೆ ಳಕಾರ, ಬದುಕಿನ ಬಾೞಿಗೆ ೞಕಾರ. ನಮ್ಮೆಲ್ಲರ ಕಿವಿ ಹಿಂಡಿ ಕಲಿಸಿದವರು ತಾವೇ ಅಲ್ಲವೇ? ಓಲೆಯಲ್ಲಿರುವುದು ಳಕಾರ.”

“ಹೇಮಗಿರಿಯವರು ಆ ಹಳೆಯ ೞಕಾರವನ್ನು ಮರೆತು ಒಂದು ತಲೆಮಾರಾಯಿತು. ನೋಡಿ, ಏೞು ಎಂಬಲ್ಲಿಯೂ ಳಕಾರವನ್ನೇ ಬರೆದಿದ್ದಾರೆ. ಅವರಿಗೆ ಎರಡು ಬಾಳಿಗೂ ಒಂದೇ ಅಕ್ಷರ.”

“ಲೇಖಕರು ಹುಟ್ಟಿದ್ದು ಹೇಮಗಿರಿಯಲ್ಲಿ, ಪ್ರಭು. ತವರಿನ ಋಣ ಮಾತನಾಡುತ್ತಿದೆ.”

ನಲವತ್ತು ವರ್ಷ ಉಪ್ಪುಂಡ ಮನೆಗೆ ತಾನು ದ್ರೋಹಿಯೇ? ಬೂಚಿಮಯ್ಯನಿಗೆ ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತು. “ನಾನೇ ಆಚೆಗೆ ಹೋಗುತ್ತೇನೆ. ಯಾವ ಬಾಳೆಂದು ಬರೆದವರ ಕೈಯಿಂದಲೇ ತಿದ್ದಿಸಿ ಕಳುಹಿಸುತ್ತೇನೆ. ಸೂರ್ಯ ಮುಳುಗುವವರೆಗೆ ಕುದುರೆಗಳು ಕದಲದಿರಲಿ.”

“ಇವರೇ ತಿದ್ದಿ ಕಳುಹಿಸಿದರೆ?” ಎಂದನು ಗೋವಿಯರಸ.

“ಗುರುಗಳ ಕೈಬರಹವನ್ನು ನಾನು ಬಲ್ಲೆ,” ಎಂದನು ದೊರೆ.

ಹಗ್ಗದಿಂದ ನಲವತ್ತು ಹೆಜ್ಜೆಗೇ ಬೂಚಿಮಯ್ಯನು ಹೊಸದಾಗಿ ಹೂಡಿದ ಮನೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ಚಂದಿಯಕ್ಕ, “ಊಟದ ಹೊತ್ತಿಗೆ ಬರುತ್ತೀರಷ್ಟೆ?” ಎಂದಳು. ಅವನು ತಲೆಯಾಡಿಸಿ, ಓಲೆ ಹಿಡಿದು ಹಗ್ಗ ದಾಟಿದನು.

ಓಲೆ ಬರೆದವನು ಹೇಮಗಿರಿಯ ಮಂತ್ರಿ ನಾಗಪೆರ್ಗಡೆ. ಹಗ್ಗದ ಬಳಿಯ ತನ್ನ ಡೇರೆಗೆ ಬಂದ ಮುದುಕನಿಗೆ ಅವನು ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ. “ಬರೆಯುವಾಗ ಬದುಕೆಂದೇ ಬರೆದೆ. ಈಗ ನಿಮ್ಮ ಕುದುರೆಗಳ ಕೆನೆತ ಕೇಳಿದರೆ, ಖಡ್ಗವೇ ಸರಿಯಿತ್ತೇನೋ ಅನ್ನಿಸುತ್ತಿದೆ.”

“ಹಾಗಾದರೆ ಈ ಒಂದು ಅಕ್ಷರವನ್ನು ತಿದ್ದಿಕೊಡಿ,” ಎಂದು ಬೂಚಿಮಯ್ಯನು ಮರಳ ಮೇಲೆ ೞಕಾರವನ್ನು ಬರೆದು ತೋರಿಸಿದನು. ಮಂತ್ರಿ ಮೂರು ಸಲ ತೀಡಿದನು, ಮೂರು ಸಲವೂ ಬಾಲ ತಪ್ಪು ದಿಕ್ಕಿಗೆ ತಿರುಗಿತು. ಅವನ ಕಿವಿ ಹಿಂಡಲು ಹಳೆಯ ಗುರುವಿನ ಬೆರಳುಗಳು ತವಕಿಸಿದವು.

ಓಲೆಗೆ ಕೈಹಾಕಿದ ಮಂತ್ರಿ ಕೈ ಹಿಂದೆಗೆದನು. “ತಿದ್ದಿಕೊಟ್ಟರೆ, ಹೆದರಿದೆವೆಂದು ನಿಮ್ಮ ದಂಡನಾಯಕ ನಗುತ್ತಾನೆ. ನಾಳೆಯೇ ಮೇಲೆ ಬಿದ್ದರೂ ಬಿದ್ದಾನು. ನನ್ನ ಅಕ್ಷರ ಆಚೆಗೆ ಹೋಗಲಿ; ಅದಕ್ಕೆ ಒತ್ತೆಯಾಗಿ ನೀವು ಇಲ್ಲಿ ಉಳಿಯಿರಿ.”

“ಎಷ್ಟು ದಿನ?”

“ಹಗ್ಗ ಇರುವಷ್ಟು ದಿನ.”

ಬೂಚಿಮಯ್ಯನು ಹೊರಗೆ ನೋಡಿದನು. ಆ ಡೇರೆಯಿಂದಲೂ ಅವನ ಮನೆಯ ಜಗಲಿ ಕಾಣುತ್ತಿತ್ತು. ಅವರೆಕಾಯಿಯ ಮೊರ ಖಾಲಿಯಾಗಿತ್ತು, ಒಳಗೆ ಒಲೆ ಹೊತ್ತಿರಬೇಕು. ಅವನು ಕಣ್ಣು ಒರೆಸಿಕೊಂಡು, “ಬರೆಯಿರಿ. ಬಾಲ ಬಲಕ್ಕೆ,” ಎಂದನು.

ಸೂರ್ಯ ಮುಳುಗುವ ಮುನ್ನ ತಿದ್ದಿದ ಓಲೆ ಈಚೆಗೆ ಬಂದಿತು. ಗೋವಿಯರಸನು ಇಣುಕಿ, “ಮುದುಕನದೇ ಕೈವಾಡ,” ಎಂದನು. ಇರಿವಮಲ್ಲನು ಸೊಟ್ಟಗೆ ಬಿದ್ದಿದ್ದ ಆ ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತನು. ಬಾಲ ಎಡಕ್ಕೇ ಹೋಗಿತ್ತು.

“ದಂಡನಾಯಕರೇ, ಕತ್ತಿನ ಮೇಲೆ ಕತ್ತಿಯಿಟ್ಟರೂ ನನ್ನ ಗುರುಗಳು ಇಷ್ಟು ಕೆಟ್ಟ ೞಕಾರ ಬರೆಯರು. ಕುದುರೆಗಳ ಜೀನು ಇಳಿಸಿ.”

ಯುದ್ಧವೇನೋ ತಪ್ಪಿತು, ಆದರೆ ಸ್ನೇಹ ಹುಟ್ಟಲಿಲ್ಲ. ಹನ್ನೊಂದು ವರ್ಷ ಎರಡೂ ಕಡೆಯ ಕಾವಲಿನವರು ಒಬ್ಬರನ್ನೊಬ್ಬರು ಕೆಂಗಣ್ಣಿನಿಂದ ನೋಡುತ್ತಲೇ ಇದ್ದರು. ಪ್ರತಿ ಮಳೆಗಾಲಕ್ಕೂ ಹಳೆಯ ಹಗ್ಗ ಕೊಳೆತು ಹೊಸದು ಬರುತ್ತಿತ್ತು. ಬೆಳಗಾದರೆ ಆಚೆ ಬೂಚಿಮಯ್ಯನು ನಿಲ್ಲುತ್ತಿದ್ದನು, ಈಚೆ ಜಗಲಿಯಲ್ಲಿ ಚಂದಿಯಕ್ಕ. ಕೂಗಿದರೆ ಕೇಳುವಷ್ಟೇ ದೂರ, ಆದರೆ ಮಾತಿಗೆ ಅಪ್ಪಣೆಯಿರಲಿಲ್ಲ.

ಹನ್ನೆರಡನೆಯ ವರ್ಷ ಆಚೆಯಿಂದ ಒಂದು ಚಟ್ಟ ಹಗ್ಗದ ಬಳಿಗೆ ಬಂದಿತು. ಇರಿವಮಲ್ಲನು ಬರಿಗಾಲಲ್ಲಿ ನಡೆದು ಬಂದು ಹೆಗಲು ಕೊಟ್ಟನು. ನರೆತ ಮೀಸೆಯ ಗೋವಿಯರಸನು ಖಡ್ಗವನ್ನು ನೆಲಕ್ಕಿಟ್ಟು, ಯಾರೂ ಹೇಳದೆಯೇ, ಹಗ್ಗದ ಗಂಟನ್ನು ತಾನೇ ಬಿಚ್ಚಿದನು. ಚಟ್ಟ ಈಚೆಗೆ ದಾಟಿದ ಮೇಲೆ ತಾನೇ ಮತ್ತೆ ಬಿಗಿದು ಕಟ್ಟಿದನು.